ಘಟ್ಟದ ರೈಲುಮಾರ್ಗ ಮತ್ತು ಮಳೆನೀರು

ಉರುಳುವ ಉಕ್ಕಿನ ಚಕ್ರಕ್ಕೆ ಉಕ್ಕಿನ ಹಳಿಯು ಒಡ್ಡುವ ತಡೆ ಬಲು ಅಲ್ಪವಾದುದು. ಸಮತಲದಲ್ಲಿ ಒಂದು ಟನ್ನಿನ ಬಂಡಿಯನ್ನು ಮೆಲ್ಲನೆ ಎಳೆದೊಯ್ಯಲು ಸುಮಾರು 2 ಕಿಲೋಗ್ರಾಂ ತೂಕದಷ್ಟು ಬಲ ಸಾಕು. ಡಾಂಬರು ರಸ್ತೆಯ ಬಸ್ಸಿಗೆ ಇದರ ಹಲವು ಮಡಿ ಬೇಕು. ರೈಲು ಪ್ರಯಾಣದ ಅಗ್ಗತನಕ್ಕೆ ಇದೊಂದು ಮುಖ್ಯ ಕಾರಣ. ಆದರೆ ಬಂಡಿಯು ಬೆಟ್ಟವನ್ನೇರಬೇಕಾದಾಗ ಈ ನುಣುಪೇ ತೊಡಕಾಗುತ್ತದೆ.

ಬೆಂಗಳೂರನ್ನು ಹಾಸನದ ಮೂಲಕ ಮಂಗಳೂರಿನೊಡನೆ ಕೂಡಿಸುವ ಮಾರ್ಗವನ್ನೇ ನೋಡೋಣ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ನಿಲ್ದಾಣದವರೆಗೆ ಸುಮಾರು 55 ಕಿಲೋಮೀಟರ್ ದೂರ ಅದು ಪಶ್ಚಿಮ ಘಟ್ಟವನ್ನು ಇಳಿಯುತ್ತದೆ. 1979ರಲ್ಲಿ ಮೀಟರ್ ಗೇಜಿನಲ್ಲಿ ತೆರೆದ ಈ ಮಾರ್ಗವು ಬ್ರಾಡ್ ಗೇಜಿಗೆ ಪರಿವರ್ತಿತವಾಗಿ 2007ರ ಡಿಸೆಂಬರಿನಲ್ಲಿ ಮತ್ತೆ ಪ್ರಯಾಣಿಕರಿಗೆ ದೊರೆಯಿತು. ಇಲ್ಲಿ 50ಕ್ಕೂ ಹೆಚ್ಚು ಸುರಂಗಗಳಿವೆ. ಕಡಿದಾದೆಡೆಗಳಲ್ಲಿ 50 ಮೀಟರಿಗೆ 1 ಮೀಟರಿನಂತೆ ಏರು.

ಕಣ್ಣಿಗೆ ಇದೇನು ಮಹಾ ಏರೆನಿಸದು. ಆದರೆ ಲೆಕ್ಕ ಮಾಡಿದರೆ, ಪ್ರತಿ ಟನ್ನಿಗೆ ಭೂಮಿಯ ಸೆಳೆತವೊಂದೇ 20 ಕಿಲೋಗ್ರಾಂ ತೂಕದ ಬಲದಿಂದ ಹಿಂದಕ್ಕೆಳೆಯುತ್ತದೆ. ಅಂದರೆ ಸಮತಲದ ತಡೆಯ ಹತ್ತು ಮಡಿ. ಎಂಜಿನ್ನೂ ಸೇರಿ 1,000 ಟನ್ನಿರುವ ರೈಲಿಗೆ ಒಟ್ಟು 22 ಟನ್ನಿನ ಎಳೆತ ಬೇಕಾಯಿತು. 120 ಟನ್ನಿನ ಎಂಜಿನ್ನು ಒಣ ಹಳಿಯ ಮೇಲೆ ತನ್ನ ತೂಕದ ಸುಮಾರು ಕಾಲುಭಾಗವನ್ನು, ಅಂದರೆ 30 ಟನ್ನನ್ನು, ಎಳೆತವಾಗಿ ನೀಡಬಲ್ಲುದು. ಹಳಿ ನೆನೆದು ಜಾರುವಂತಾದರೆ ಘರ್ಷಣೆ ಹತ್ತನೆಯ ಒಂದು ಭಾಗಕ್ಕೂ ಇಳಿಯಬಹುದು. ಆಗ ಉಳಿಯುವುದು 12 ಟನ್ನು. ಎಂಜಿನ್ನಿನ ಶಕ್ತಿ ಎಷ್ಟೇ ಇರಲಿ, ಚಕ್ರಗಳು ನಿಂತಲ್ಲೇ ಸುತ್ತುತ್ತವೆ! ಆದುದರಿಂದಲೇ ಹಳಿಯ ಮೇಲೆ ಮರಳು ಸುರಿಸುವ ಏರ್ಪಾಡಿದೆ. ಘಟ್ಟವೇರುವ ರೈಲಿನ ಹಿಂದೆ ನೂಕುವ ಎಂಜಿನ್ನುಗಳನ್ನೂ ಸೇರಿಸುತ್ತಾರೆ.

ಹಳಿಯ ಪಕ್ಕದ ಗುಡ್ಡವನ್ನು ನಿಲ್ಲಿಸಿರುವುದರಲ್ಲಿಯೂ ಘರ್ಷಣೆಯ ಪಾಲು ದೊಡ್ಡದು. ಮಣ್ಣಿನ ಕಣಗಳು ಒಂದನ್ನೊಂದು ಒತ್ತಿಕೊಂಡಿರುವವರೆಗೆ ಇಳಿಜಾರು ಜಾರದು. ಮಳೆನೀರು ಕಣಗಳ ನಡುವಣ ತೆರಪುಗಳನ್ನು ತುಂಬಿದಾಗ ಮಣ್ಣಿನ ಭಾರದಲ್ಲಿ ಒಂದಂಶವನ್ನು ನೀರಿನ ಒತ್ತಡವೇ ಹೊರುತ್ತದೆ. ಕಣಗಳ ಪರಸ್ಪರ ಒತ್ತು ತಗ್ಗಿ, ಅದರೊಡನೆ ಘರ್ಷಣೆಯೂ ತಗ್ಗುತ್ತದೆ. ನೆನೆದ ಮಣ್ಣಿನ ತೂಕವಾದರೋ ಹೆಚ್ಚಿರುತ್ತದೆ. 2018ರ ಆಗಸ್ಟಿನಲ್ಲಿ ಈ ಮಾರ್ಗದ ಮೇಲೆ ಗುಡ್ಡಗಳು ಕುಸಿದುವು. 2024ರ ಜುಲೈ ಕೊನೆಯಲ್ಲಿ ಎಡಕುಮೇರಿಯ ಬಳಿ ಹಳಿಯ ಕೆಳಗಣ ಮಣ್ಣೇ ಜಾರಿ ಹಲವು ದಿನ ರೈಲುಗಳು ನಿಂತುವು. ಅದೇ ತಿಂಗಳಿನಲ್ಲಿ ಶಿರಾಡಿ ಘಟ್ಟದ ಹೆದ್ದಾರಿಯಲ್ಲಿಯೂ ಮಣ್ಣು ಕುಸಿದು ಸಂಚಾರ ನಿಂತಿತು. ಕರಾವಳಿಯಿಂದ ಬೆಂಗಳೂರಿಗೆ ಹೊರಟ ರೋಗಿಯಾಗಲಿ ವಿದ್ಯಾರ್ಥಿಯಾಗಲಿ ಸುತ್ತುದಾರಿ ಹಿಡಿಯಬೇಕಾಯಿತು.

ಸಾರಿಗೆಯ ಸುಧಾರಣೆಯೆಂದೊಡನೆ ಜನರು ವೇಗವನ್ನು ಕೇಳುತ್ತಾರೆ. ಈ ಘಟ್ಟದ ಮಟ್ಟಿಗೆ ಮೊದಲ ಹಣವು ಚರಂಡಿಗೆ ಸಲ್ಲಬೇಕೆಂದು ನಮಗೆ ತೋರುತ್ತದೆ. ಗುಡ್ಡದ ನೆತ್ತಿಯಲ್ಲಿಯೇ ನೀರನ್ನು ಅಡ್ಡಗಟ್ಟಿ ಬದಿಗೆ ತಿರುಗಿಸಬೇಕು. ಒಳಸೇರಿದುದನ್ನು ತೂತುಕೊಳವೆಗಳಿಂದ ಹೊರಹರಿಸಬೇಕು. ತಂತಿಬಲೆಯಲ್ಲಿ ಕಲ್ಲು ತುಂಬಿ ಕಟ್ಟಿದ, ನೀರು ಬಸಿಯುವ ಗೋಡೆಗಳು ಬೇಕು. ನೀರುಗಂಡಿಗಳಿಲ್ಲದ ಕಾಂಕ್ರೀಟು ಗೋಡೆ ನೋಡಲು ಭದ್ರವೇನೋ ಸರಿ, ಆದರೆ ಅದು ತನ್ನ ಹಿಂದೆ ಕಾಣದ ಕೆರೆಯೊಂದನ್ನು ಕಟ್ಟಿಕೊಂಡು ನಿಂತಿರುತ್ತದೆ.