ಅತಿ ಚಿಕ್ಕ ಕೈಗಳಿಗೆ ಚಳಿಗಾಲದ ಕೈಗವಸು: ಅಂಚಿನ ಅಳತೆಯೊಂದರ ವಾಣಿಜ್ಯ ಲೆಕ್ಕಾಚಾರ

ಅಳತೆಗಳ ಸಾಲಿನಲ್ಲಿ ಮೊದಲನೆಯದು ಮತ್ತು ಕೊನೆಯದು ನಷ್ಟದ ಬಾಬು ಎಂಬ ನಂಬಿಕೆ ಸಿದ್ಧ ಉಡುಪಿನ ವ್ಯಾಪಾರಿಗಳಲ್ಲಿ ಬಹುಕಾಲದಿಂದ ಬೇರೂರಿದೆ. ಈ ನಂಬಿಕೆ ಎಷ್ಟರಮಟ್ಟಿಗೆ ಸರಿ ಎಂಬುದನ್ನು ಒಂದು ಸಣ್ಣ ಸರಕಿನ ಮೂಲಕ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ನೆದರ್‌ಲ್ಯಾಂಡ್ಸ್‌ನ ಗ್ರೋನಿಂಗನ್ ನಗರದಲ್ಲಿ ವ್ಯಾಸಂಗ ಮಾಡುತ್ತಿರುವ ನನ್ನ ಸೋದರ ಸೊಸೆ, ಅಲ್ಲಿಯ ಬಹುತೇಕ ವಿದ್ಯಾರ್ಥಿಗಳಂತೆ, ಚಳಿಗಾಲದಲ್ಲಿಯೂ ಬೈಸಿಕಲ್‌ನಲ್ಲಿಯೇ ಸಂಚರಿಸುತ್ತಾಳೆ. ಆಕೆಯ ಅಂಗೈಯ ಸುತ್ತಳತೆ 150 ಮಿ.ಮೀ.ಗಿಂತ ಕಡಿಮೆ. ಅಂಗಡಿಯಲ್ಲಿ ದೊರೆತ ಅತಿ ಚಿಕ್ಕ ಜೋಡಿಯಲ್ಲಿಯೂ ಬೆರಳ ತುದಿಯಾಚೆಗೆ ಸುಮಾರು ಒಂದೂವರೆ ಸೆಂಟಿಮೀಟರ್ ಬಟ್ಟೆ ಖಾಲಿಯಾಗಿ ಉಳಿಯುತ್ತಿತ್ತು. ಒಂದು ಸಂಜೆ ಕೂಡುರಸ್ತೆಯಲ್ಲಿ ಆ ಖಾಲಿ ತುದಿ ಬ್ರೇಕಿನ ಹಿಡಿಯ ಮೇಲೆ ಜಾರಿ, ಆಕೆ ಕಾರೊಂದಕ್ಕೆ ಸ್ವಲ್ಪದರಲ್ಲಿ ತಪ್ಪಿಸಿಕೊಂಡಳು. “ಮಾವ, ಬೆಂಗಳೂರಿನಲ್ಲಿ ಯಾರಾದರೂ ಹೊಲಿದು ಕೊಡುತ್ತಾರೆಯೇ?” ಎಂಬ ಆಕೆಯ ದೂರವಾಣಿಯ ಪ್ರಶ್ನೆಯೇ ಈ ಬರಹಕ್ಕೆ ಪ್ರೇರಣೆ.

ಅಳತೆಯ ಸಂಖ್ಯೆಗಳ ಅರ್ಥ

ಕೈಗವಸಿನ ಅಳತೆಗೆ ಎರಡು ಆಧಾರಗಳಿವೆ. ಹೆಬ್ಬೆರಳನ್ನು ಬಿಟ್ಟು ಅಂಗೈಯ ಸುತ್ತಳತೆ ಒಂದು. ಮಣಿಕಟ್ಟಿನಿಂದ ನಡುಬೆರಳ ತುದಿಯವರೆಗಿನ ಉದ್ದ ಮತ್ತೊಂದು. ರಕ್ಷಣಾ ಕೈಗವಸುಗಳಿಗಾಗಿ ಯೂರೋಪಿನಲ್ಲಿ ರೂಪಿಸಲಾಗಿದ್ದ ಇಎನ್ 420 ಎಂಬ 2003ರ ಮಾನಕದಲ್ಲಿ 6ನೇ ಅಳತೆಯ ಕೈಗೆ 152 ಮಿ.ಮೀ. ಸುತ್ತಳತೆ ಮತ್ತು 160 ಮಿ.ಮೀ. ಉದ್ದ, 8ನೇ ಅಳತೆಯ ಕೈಗೆ 203 ಮತ್ತು 182 ಮಿ.ಮೀ. ಎಂದು ನಿಗದಿಯಾಗಿತ್ತು. ಸಂಖ್ಯೆಯು ಸರಿಸುಮಾರು ಸುತ್ತಳತೆಯ ಅಂಗುಲಗಳೇ ಆಗಿರುವುದನ್ನು ಓದುಗರು ಗಮನಿಸಬಹುದು. 2020ರಲ್ಲಿ ಇದರ ಸ್ಥಾನಕ್ಕೆ ಇಎನ್ ಐಎಸ್ಒ 21420 ಬಂದಿತು.

ಆದರೆ ಸಾಮಾನ್ಯ ಬೈಸಿಕಲ್ ಕೈಗವಸುಗಳಲ್ಲಿ ಕಂಡುಬರುವ ‘ಎಕ್ಸ್ಎಸ್’, ‘ಎಸ್’ ಎಂಬ ಗುರುತುಗಳನ್ನು ಪ್ರತಿ ಕಂಪನಿಯೂ ತನಗೆ ತೋಚಿದಂತೆ ಬಳಸುತ್ತದೆ. ಒಂದು ಕಂಪನಿಯ ‘ಎಕ್ಸ್ಎಸ್’ ಮತ್ತೊಂದರ ‘ಎಸ್’ ಆಗಿರಬಹುದು. ಆದುದರಿಂದ ಕೊಳ್ಳುವವರು ಅಕ್ಷರವನ್ನು ನಂಬದೆ ಮಿಲಿಮೀಟರುಗಳನ್ನು ಕೇಳುವುದೇ ಸೂಕ್ತ.

ಸರಿಹೊಂದದಿದ್ದರೆ ಆಗುವ ತೊಂದರೆ

ಚಿಕ್ಕ ಕೈಯಲ್ಲಿ ಗಾತ್ರಕ್ಕೆ ಹೋಲಿಸಿದಾಗ ಮೇಲ್ಮೈ ಹೆಚ್ಚು. ಹೀಗಾಗಿ ಅದು ಬೇಗ ತಣಿಯುತ್ತದೆ. ಸವಾರನ ವೇಗವೇ ಗಾಳಿಯನ್ನು ಸೃಷ್ಟಿಸುವುದರಿಂದ, ಶೂನ್ಯ ಡಿಗ್ರಿ ಸೆಲ್ಸಿಯಸ್‌ನಲ್ಲಿ ಗಂಟೆಗೆ 20 ಕಿ.ಮೀ. ಗಾಳಿ ತೆರೆದ ಚರ್ಮಕ್ಕೆ ಸುಮಾರು ಮೈನಸ್ 5 ಡಿಗ್ರಿಯಂತೆ ತಟ್ಟುತ್ತದೆ. ಕೈಗವಸು ಸಡಿಲವಾಗಿದ್ದರೆ ತಣ್ಣನೆಯ ಗಾಳಿ ಒಳಗೆ ಸುಳಿಯುತ್ತದೆ ಮತ್ತು ಹಿಡಿತ ತಪ್ಪುತ್ತದೆ. ಬಿಗಿಯಾಗಿದ್ದರೆ ಒಳಪದರ ಅಮುಕಿ ಅದರಲ್ಲಿನ ಗಾಳಿ ಹೊರಹೋಗುತ್ತದೆ, ಬೆರಳುಗಳ ರಕ್ತಸಂಚಾರವೂ ಕುಗ್ಗುತ್ತದೆ.

ತಯಾರಿಕೆಯ ತೊಡಕು

ದೊಡ್ಡ ಮಾದರಿಯನ್ನು ಅದೇ ಪ್ರಮಾಣದಲ್ಲಿ ಕುಗ್ಗಿಸಿದರೆ ಚಿಕ್ಕ ಕೈಗವಸು ಸಿದ್ಧವಾಗುವುದಿಲ್ಲ. ಚಳಿಗಾಲದ ಕೈಗವಸಿನಲ್ಲಿ ಹೊರಬಟ್ಟೆ, ನೀರು ತಡೆಯುವ ತೆಳುಪೊರೆ ಹಾಗೂ ಬೆಚ್ಚನೆಯ ಒಳಪದರ ಎಂದು ಸಾಮಾನ್ಯವಾಗಿ ಮೂರು ಪದರಗಳಿರುತ್ತವೆ. ಈ ಪದರಗಳ ದಪ್ಪವಾಗಲೀ ಹೊಲಿಗೆಗೆ ಬಿಡುವ ಅಂಚಾಗಲೀ ಅಳತೆಯೊಡನೆ ಕುಗ್ಗುವುದಿಲ್ಲ. ಹೊರಗಿನ ಅಳತೆಯನ್ನು ಮಾತ್ರ ಕಿರಿದುಗೊಳಿಸಿದಲ್ಲಿ ಬೆರಳಿಗೆ ಉಳಿಯುವ ಜಾಗ ಪ್ರಮಾಣ ಮೀರಿ ಕಡಿಮೆಯಾಗುತ್ತದೆ. ಒಳಗಿನ ಅಳತೆಯಿಂದ ಆರಂಭಿಸಿ ಹೊರಕ್ಕೆ ಮಾದರಿ ರಚಿಸುವುದೇ ಸರಿಯಾದ ಕ್ರಮ. ಇದಕ್ಕೆ ಪ್ರತ್ಯೇಕ ಮಾದರಿ, ಪ್ರತ್ಯೇಕ ಕತ್ತರಿಸುವ ಅಚ್ಚು ಬೇಕು.

ಅಂಗಡಿಯ ಲೆಕ್ಕ, ಗೋದಾಮಿನ ಲೆಕ್ಕ

ಒಂದು ಕಾಲ್ಪನಿಕ ಉದಾಹರಣೆ ತೆಗೆದುಕೊಳ್ಳೋಣ. ಜೋಡಿಗೆ 600 ರೂ. ಖರೀದಿ ದರ, 1,000 ರೂ. ಮಾರಾಟ ದರ. ಮಧ್ಯಮ ಅಳತೆಯ 10 ಜೋಡಿಗಳೂ ಮಾರಾಟವಾದರೆ ಲಾಭ 4,000 ರೂ. ಅತಿ ಚಿಕ್ಕ ಅಳತೆಯ 10ರಲ್ಲಿ 4 ಮಾತ್ರ ಪೂರ್ಣ ದರಕ್ಕೆ ಹೋಗಿ, ಉಳಿದ 6 ಋತುವಿನ ಕೊನೆಗೆ 400 ರೂ.ಗಳಂತೆ ವಿಲೇವಾರಿಯಾದರೆ ಒಟ್ಟು ವಸೂಲಿ 6,400 ರೂ., ಲಾಭ ಕೇವಲ 400 ರೂ. ಅಂಗಡಿಯವನು ಆ ಅಳತೆಯನ್ನು ತರಿಸದಿರುವುದು ಆಶ್ಚರ್ಯವಲ್ಲ.

ವರ್ಷಾಂತ್ಯದ ಲೆಕ್ಕಪತ್ರದಲ್ಲಿಯೂ ಇದು ಮರೆಯಾಗುವುದಿಲ್ಲ. ಲೆಕ್ಕ ಮಾನಕ 2ರ ಪ್ರಕಾರ ದಾಸ್ತಾನನ್ನು ವೆಚ್ಚ ಮತ್ತು ನಿವ್ವಳ ವಸೂಲಿ ಮೌಲ್ಯ ಇವೆರಡರಲ್ಲಿ ಯಾವುದು ಕಡಿಮೆಯೋ ಅದರಲ್ಲಿ ತೋರಿಸಬೇಕು. ಸಾಮಾನ್ಯವಾಗಿ ಬಾಬುವಾರು ತೋರಿಸಬೇಕು. ಮಧ್ಯಮ ಅಳತೆಯ ಲಾಭದ ನೆರಳಿನಲ್ಲಿ ಅಂಚಿನ ಅಳತೆಯ ನಷ್ಟವನ್ನು ಅಡಗಿಸಲಾಗದು.

ಆದರೆ ಲೆಕ್ಕ ಇಲ್ಲಿಗೇ ಮುಗಿಯುವುದಿಲ್ಲ. ಒಂದು ಊರಿನಲ್ಲಿ 4 ಜೋಡಿ ಬೇಡಿಕೆಯಿರುವ ಅಳತೆಗೆ, ಅಂತಹ 100 ಊರುಗಳ ಬೇಡಿಕೆ ಒಂದೇ ಗೋದಾಮಿಗೆ ಬಂದರೆ 400 ಜೋಡಿಯಾಗುತ್ತದೆ. ಮಾದರಿ ಮತ್ತು ಅಚ್ಚಿಗೆ 40,000 ರೂ. ತಗಲಿತೆಂದು ಭಾವಿಸಿದರೆ, 40 ಜೋಡಿಗೆ ಹಂಚಿದಾಗ ಜೋಡಿಗೆ 1,000 ರೂ., 400 ಜೋಡಿಗೆ ಹಂಚಿದಾಗ 100 ರೂ. ಮಾತ್ರ. ಅಂಗಡಿಗೆ ನಷ್ಟವಾದ ಅಳತೆ ಅಂತರಜಾಲದ ಮೂಲಕ ಮಾರುವ ತಯಾರಕನಿಗೆ ಲಾಭವಾಗಬಹುದು. ಸರಿಹೊಂದುವ ಜೋಡಿ ಸಿಕ್ಕ ಗ್ರಾಹಕರು ಬೇರೆಡೆಗೆ ಹೋಗುವುದೂ ಅಪರೂಪ.

ಸದ್ಯಕ್ಕಿರುವ ದಾರಿಗಳು

ಮಕ್ಕಳ ಕೈಗವಸು ಮೊದಲ ದಾರಿ. ಆದರೆ ಅದರ ಬೆರಳುಗಳು ಗಿಡ್ಡ. ಅಂಗೈಯ ಮೆತ್ತೆ ಮತ್ತು ಹಿಡಿತವೂ ಹಲವೊಮ್ಮೆ ಸಾಲದು. ಎರಡೆರಡು ಬೆರಳುಗಳು ಒಟ್ಟಿಗಿರುವ ಕೈಗವಸು ಎರಡನೆಯದು. ಅದರಲ್ಲಿ ಪ್ರತಿ ಬೆರಳಿನ ಅಳತೆ ತಪ್ಪುವ ಸಂಭವ ಕಡಿಮೆ, ಬ್ರೇಕನ್ನೂ ಹಿಡಿಯಬಹುದು. ಬೈಸಿಕಲ್ಲಿನ ಹಿಡಿಕೆಗೇ ಹೊದಿಸುವ ದಪ್ಪ ಕವಚ ಮೂರನೆಯದು. ಗಾಳಿಯನ್ನು ಕವಚ ತಡೆಯುವುದರಿಂದ ಒಳಗೆ ತೆಳುವಾದ, ಹಿಗ್ಗುವ ಉಣ್ಣೆಯ ಕೈಗವಸು ಸಾಕಾಗುತ್ತದೆ. ಕೈ ಎಷ್ಟು ಚಿಕ್ಕದಾದರೂ ಕವಚಕ್ಕೆ ಅಡ್ಡಿಯಿಲ್ಲ. ನನ್ನ ಸೋದರ ಸೊಸೆ ಆರಿಸಿಕೊಂಡದ್ದು ಇದನ್ನೇ.

ರಫ್ತುದಾರರ ಗಮನಕ್ಕೆ

ಕ್ರೀಡಾ ಸಾಮಗ್ರಿ ಎಂದು ಭಾವಿಸಿ ಬೈಸಿಕಲ್ ಕೈಗವಸನ್ನು 95ನೇ ಅಧ್ಯಾಯಕ್ಕೆ ಸೇರಿಸುವುದು ತಪ್ಪು. ಆ ಅಧ್ಯಾಯದ ಟಿಪ್ಪಣಿಯೇ ಕೈಗವಸುಗಳನ್ನು ಹೊರಗಿಟ್ಟಿದೆ. ವಸ್ತುವನ್ನು ಅನುಸರಿಸಿ ಹೆಣೆದ ಬಟ್ಟೆಗೆ 6116, ಇತರ ಬಟ್ಟೆಗೆ 6216, ಚರ್ಮಕ್ಕೆ 4203 ಶೀರ್ಷಿಕೆಗಳು ಅನ್ವಯಿಸುತ್ತವೆ. ಯೂರೋಪಿಯನ್ ಒಕ್ಕೂಟದ 2016/425 ನಿಯಮಾವಳಿ, ತೀವ್ರವಲ್ಲದ ಹವೆಯಿಂದ ಕಾಪಾಡುವ ಖಾಸಗಿ ಬಳಕೆಯ ಉಡುಪುಗಳಿಗೆ ಅನ್ವಯಿಸುವುದಿಲ್ಲ. ಆದರೆ ಅಪಘಾತದಿಂದ ರಕ್ಷಣೆ ನೀಡುತ್ತದೆಂದು ಘೋಷಿಸಿ ಮಾರುವವರು ಎಚ್ಚರ ವಹಿಸಬೇಕು. ಚರ್ಮ ಬಳಸಿದಲ್ಲಿ, 2015ರ ಮೇ 1ರಿಂದ ಜಾರಿಯಲ್ಲಿರುವಂತೆ, ಚರ್ಮದ ಒಣತೂಕದ ಪ್ರತಿ ಕಿಲೋಗ್ರಾಮಿನಲ್ಲಿ ಕ್ರೋಮಿಯಂ-6ರ ಪ್ರಮಾಣ 3 ಮಿಲಿಗ್ರಾಂಗಿಂತ ಕಡಿಮೆಯಿರಬೇಕು.

ಸೋದರ ಸೊಸೆಯ ಪ್ರಶ್ನೆಯನ್ನು ಹೊಲಿಗೆ ಘಟಕ ನಡೆಸುವ ನನ್ನ ಕಕ್ಷಿದಾರರೊಬ್ಬರ ಮುಂದಿಟ್ಟೆ. “ಒಂದು ಜೋಡಿ ಆಗದು ಸ್ವಾಮಿ, ಮುನ್ನೂರು ಜೋಡಿಯಾದರೆ, ಒಳ ಅಳತೆಯನ್ನು ಮಿಲಿಮೀಟರಿನಲ್ಲಿ ಕೊಟ್ಟರೆ, ನಾಳೆಯೇ ಮಾದರಿ ಹಾಕಿಸುತ್ತೇನೆ” ಎಂದರು. ಸಣ್ಣ ತಯಾರಕರಿಗೆ ನನ್ನ ಸಲಹೆಯೂ ಇದೇ ಆಗಿದೆ. ಅಂಚಿನ ಅಳತೆಯನ್ನು ಕೈಬಿಡುವ ಮುನ್ನ ಅದರ ಬೇಡಿಕೆಯನ್ನು ಒಂದು ಅಂಗಡಿಯಿಂದಲ್ಲ, ಇಡೀ ಮಾರುಕಟ್ಟೆಯಿಂದ ಅಳೆಯಿರಿ. ಮುಂಗಡ ಆದೇಶ ಪಡೆದು ಸಣ್ಣ ತಂಡಗಳಲ್ಲಿ ತಯಾರಿಸಿರಿ. ಚೀಟಿಯ ಮೇಲೆ ಒಳ ಅಳತೆಯನ್ನು ತಪ್ಪದೆ ಮುದ್ರಿಸಿರಿ.