ಗಂಧದ ಮರ, ಚಹದ ಎಲೆ

ಕನ್ನಡದಲ್ಲಿ ಗಂಧವೆಂದರೆ ವಾಸನೆ. ಗಂಧವೆಂದರೆ ಒಂದು ಮರವೂ ಹೌದು. ವಾಸನೆಗೆಲ್ಲ ಸಲ್ಲುವ ಹೆಸರನ್ನು ಒಂದೇ ಮರಕ್ಕೆ ಕೊಟ್ಟ ಭಾಷೆ ನಮ್ಮದು. ಚಹಕ್ಕೆ ಆ ಭಾಗ್ಯವಿಲ್ಲ. ಅದು ನಮ್ಮಲ್ಲಿಗೆ ಬಂದದ್ದು ನಾಲಗೆಗಾಗಿ. ಆದರೂ ಈಗಿನ ಸುಗಂಧಕಾರರು ಇವೆರಡನ್ನೂ ಒಂದೇ ಸೀಸೆಯಲ್ಲಿ ಕೂಡಿಸುತ್ತಾರೆ. ಈ ಜೋಡಿ ಹೇಗೆ ಹೊಂದುತ್ತದೆ, ಆ ಸೀಸೆಯೊಳಗೆ ನಿಜವಾಗಿ ಇರುವುದೇನು ಎಂಬುದನ್ನು ತಮ್ಮ ಮುಂದಿಡಬಯಸುತ್ತೇನೆ.

ಶ್ರೀಗಂಧದ ಪರಿಮಳವಿರುವುದು ಹೂವಿನಲ್ಲಲ್ಲ, ಎಲೆಯಲ್ಲಲ್ಲ. ಕಾಂಡದ ಚೇಗಿನಲ್ಲಿ ಮತ್ತು ಬೇರಿನಲ್ಲಿ. ಈ ಗಿಡ ತನ್ನ ಬೇರನ್ನು ನೆರೆಯ ಗಿಡಗಳ ಬೇರಿಗೆ ತಗುಲಿಸಿ ನೀರನ್ನೂ ಲವಣಗಳನ್ನೂ ಪಡೆಯುತ್ತದೆ. ಅದರ ಚೇಗು ಚೆನ್ನಾಗಿ ಬಲಿಯಲು ದಶಕಗಳೇ ಬೇಕು. ಚೇಗನ್ನು ಪುಡಿಮಾಡಿ ಹಬೆ ಹಾಯಿಸಿದರೆ ತೈಲ ಬರುತ್ತದೆ. ತೈಲದ ಜೀವಾಳವಾದ ಸ್ಯಾಂಟಲಾಲ್ ಬೇಗನೆ ಗಾಳಿಗೆ ಹಾರಿಹೋಗುವ ವಸ್ತುವಲ್ಲ. ಕನೌಜಿನ ಅತ್ತರಿನ ಕಸುಬಿನವರು ಗುಲಾಬಿ, ಕೇದಗೆಗಳ ಹಬೆಯನ್ನು ಪರಂಪರೆಯಾಗಿ ಗಂಧದೆಣ್ಣೆಗೆ ಇಳಿಸುತ್ತಿದ್ದುದು ಇದಕ್ಕಾಗಿಯೇ. ನಿಲ್ಲದ ಹೂಗಂಪನ್ನು ಅದು ಹಿಡಿದು ನಿಲ್ಲಿಸುತ್ತದೆ.

ಇನ್ನು ಚಹ. ಕಿತ್ತ ಹಸಿಯೆಲೆಗೆ ಬರಿಯ ಸೊಪ್ಪಿನ ವಾಸನೆ. ಅದನ್ನು ಬಾಡಿಸಿ ಹೊಸೆದಾಗ, ಎಲೆಯೊಳಗೆ ಸಕ್ಕರೆಗೆ ಕಟ್ಟುಬಿದ್ದಿದ್ದ ಸುವಾಸನೆಯ ದ್ರವ್ಯಗಳನ್ನು ಕಿಣ್ವಗಳು ಬಿಡಿಸುತ್ತವೆ. ಅವುಗಳಲ್ಲಿ ಜೆರೇನಿಯಾಲ್ ಗುಲಾಬಿಯಲ್ಲಿಯೂ ಲಿನಲೂಲ್ ಮಲ್ಲಿಗೆಯಲ್ಲಿಯೂ ಉಂಟು. ಚಹವೂ ಗಂಧದಂತೆ ಪರರ ಪರಿಮಳಕ್ಕೆ ಮನೆಗೊಡುತ್ತದೆ: ಚೀನದ ಫೂಚೌನಲ್ಲಿ ಒಣಗಿದ ಎಲೆಯೊಡನೆ ಅರಳುವ ಮಲ್ಲಿಗೆ ಮೊಗ್ಗನ್ನು ರಾತ್ರಿಯೆಲ್ಲ ಇಟ್ಟು, ಅದರ ಕಂಪನ್ನು ಎಲೆಗೆ ಹೀರಿಸುತ್ತಾರೆ.

ಹೀಗೆ ಸ್ವಭಾವದಲ್ಲಿ ಎರಡೂ ಅತಿಥಿಪ್ರಿಯರು. ನಡೆಯಲ್ಲಿ ಮಾತ್ರ ಭಿನ್ನರು. ಚಹದ ಕಂಪು ಹಗುರ, ಒಣಕಲು; ಮೊದಲು ಮೂಗಿಗೆ ಬಂದು ಮೊದಲೇ ಹೊರಟುಹೋಗುತ್ತದೆ. ಗಂಧದ್ದು ಸ್ನಿಗ್ಧ, ನಿಧಾನ, ಕೊನೆಯವರೆಗೆ ಕುಳಿತಿರುತ್ತದೆ. ಚಹದ ಒಗರನ್ನು ನೆನಪಿಸುವ ಶುಷ್ಕತೆಯನ್ನು ಗಂಧದ ಹಾಲಿನಂಥ ಮೃದುತ್ವ ತಣಿಸುತ್ತದೆ. ನಾವು ಮನೆಯಲ್ಲಿ ಚಹಕ್ಕೆ ಹಾಲು ಬೆರೆಸುವುದೂ ಇದೇ ನ್ಯಾಯದಿಂದ.

ಆದರೆ ಸೀಸೆಯೊಳಗೆ ಚಹದ ಎಲೆ ಇರಲೇಬೇಕೆಂದಿಲ್ಲ. 1992ರಲ್ಲಿ ಫ್ರಾನ್ಸಿನ ಜಾನ್ ಕ್ಲೋದ್ ಎಲೆನಾ ಬುಲ್ಗಾರಿ ಸಂಸ್ಥೆಗಾಗಿ ಹಸಿರು ಚಹದ ಹೆಸರಿನ ಸುಗಂಧವೊಂದನ್ನು ರಚಿಸಿದರು. ಅದರಲ್ಲಿ ಚಹದ ಭಾವವನ್ನು ಹುಟ್ಟಿಸಿದ್ದು ಮುಖ್ಯವಾಗಿ ಎರಡು ರಾಸಾಯನಿಕಗಳ ಸಂಯೋಗ: ಮಲ್ಲಿಗೆಯನ್ನು ನೆನಪಿಸುವ ಹೆಡಿಯೋನ್, ವಯೊಲೆಟ್ ಹೂವಿನ ಕಂಪಿನ ಅಯೊನೋನ್. ಶ್ರೀಗಂಧದ ಕಂಪಿಗೂ ಇಂಥ ಪ್ರತಿರೂಪಗಳು ಬಂದಿವೆ. ಎಷ್ಟೋ ಸೀಸೆಗಳಲ್ಲಿ ಮರದ ಸ್ಥಾನ ಅವುಗಳದೇ.

ಇದಕ್ಕೆ ನಮ್ಮ ನಾಡಿನ ಚರಿತ್ರೆಯೂ ಒಂದು ಕಾರಣ. 1792ರಲ್ಲಿ ಟಿಪ್ಪು ಶ್ರೀಗಂಧವನ್ನು ರಾಜವೃಕ್ಷವೆಂದು ಘೋಷಿಸಿದ. ಮೊದಲ ಮಹಾಯುದ್ಧದಿಂದ ಯೂರೋಪಿಗೆ ಮರ ಸಾಗದೆ ನಿಂತಾಗ, 1916ರಲ್ಲಿ ಮೈಸೂರು ಸಂಸ್ಥಾನ ತಾನೇ ತೈಲ ತೆಗೆಯತೊಡಗಿತು. ಒಡೆತನ ಮಾತ್ರ ಬದಲಾಗಲಿಲ್ಲ. 2001ರಲ್ಲಿ ಕಾನೂನಿಗೆ ತಿದ್ದುಪಡಿಯಾಗುವವರೆಗೆ ರೈತನ ಹೊಲದ ಗಂಧದ ಮರವೂ ಸರಕಾರದ ಸೊತ್ತಾಗಿತ್ತು. ತನ್ನದಲ್ಲದ ಮರವನ್ನು ಯಾರು ಅಕ್ಕರೆಯಿಂದ ಸಾಕುತ್ತಾರೆ? ಕಾಡಿನ ಮರಕ್ಕೆ ಕಳ್ಳರ ಕೊಡಲಿ ಬಿತ್ತು. 1998ರಲ್ಲಿ ಶ್ರೀಗಂಧ ಅಳಿವಿನ ಭಯವುಳ್ಳ ಮರಗಳ ಅಂತರರಾಷ್ಟ್ರೀಯ ಪಟ್ಟಿಗೆ ಸೇರಿತು.

ಚಹದ ಕಂಪನ್ನು ಅನುಕರಿಸಿದರೆ ಚಹದ ತೋಟಕ್ಕೆ ನಷ್ಟವೇನೂ ಇಲ್ಲ. ಮೂಲ ಪ್ರತಿದಿನ ನಮ್ಮ ಲೋಟದಲ್ಲಿಯೇ ಇದೆ. ಗಂಧದ ಮಾತು ಬೇರೆ. ಪ್ರತಿರೂಪವು ಕೆಲವು ಮರಗಳನ್ನು ಕೊಡಲಿಯಿಂದ ಉಳಿಸೀತು, ನಿಜ. ಆದರೆ ಸಾಣೆಕಲ್ಲಿನ ಮೇಲೆ ತೇದ ಗಂಧವನ್ನು ಮೂಸಿಯೇ ಅರಿಯದ ತಲೆಮಾರಿಗೆ ಅದೇ ಮೂಲವಾಗಿಬಿಟ್ಟೀತು. ಹಾಗಾಗದಂತೆ ನೋಡಿಕೊಳ್ಳುವ ಅವಕಾಶ ಈಗ ರೈತನ ಕೈಗೆ ಬಂದಿದೆ. ಹೊಲದ ಬದುವಿನಲ್ಲಿ ಇಂದು ನೆಟ್ಟ ಸಸಿಯ ಚೇಗು ಬಲಿಯುವುದು ಮಕ್ಕಳ ಕಾಲಕ್ಕೆ. ಅಷ್ಟು ಕಾಲ ಅದನ್ನು ಕಾಯುವವರು ಬೇಕು.