ಮೇಲ್ಭಾಗ, ಕೊನೆ ಭಾಗ ಮತ್ತು ಗೇಜಿನ ಲೆಕ್ಕ

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ರಾಯಚೂರು ಜಿಲ್ಲೆಗೆ ಎರಡೂ ಕಡೆಯಿಂದ ಕಾಲುವೆ ನೀರು ಬರುತ್ತದೆ. ದೇವದುರ್ಗ, ಅರಕೇರಾ ಭಾಗದ ಹೊಲಗಳು ಬಸವಸಾಗರದಿಂದ ಹೊರಡುವ ನಾರಾಯಣಪುರ ಬಲದಂಡೆ ಕಾಲುವೆಯನ್ನು ನೆಚ್ಚಿಕೊಂಡಿದ್ದರೆ, ಸಿಂಧನೂರು, ಮಾನ್ವಿ, ಸಿರವಾರ, ರಾಯಚೂರು ತಾಲ್ಲೂಕುಗಳು ಮುನಿರಾಬಾದಿನಿಂದ ಸುಮಾರು 227 ಕಿ.ಮೀ. ಸಾಗಿ ಬರುವ ತುಂಗಭದ್ರಾ ಎಡದಂಡೆ ಕಾಲುವೆಯನ್ನು ನೆಚ್ಚಿಕೊಂಡಿವೆ. ಕಾಲುವೆ ಯಾವುದಾದರೂ ತಕರಾರು ಒಂದೇ: ಮೇಲ್ಭಾಗದ ಭತ್ತದ ಗದ್ದೆಗಳಲ್ಲಿ ನೀರು ನಿಂತಿರುವ ಹೊತ್ತಿನಲ್ಲೇ, ರೈತರು ಟೇಲೆಂಡ್ ಎನ್ನುವ ಕೊನೆ ಭಾಗದಲ್ಲಿ ಹತ್ತಿ, ಮೆಣಸಿನಕಾಯಿ ಬಾಡುತ್ತಿರುತ್ತವೆ. ಈ ಅಸಮಾನತೆಗೆ ನೀರುಗಳ್ಳತನವೊಂದನ್ನೇ ಕಾರಣವೆನ್ನುವುದು ರೂಢಿಯಾಗಿದ್ದರೂ, ಅದರ ಬೇರು ಇನ್ನೂ ಆಳದಲ್ಲಿದೆ.

ಎಡದಂಡೆ ಕಾಲುವೆಯನ್ನು ರೂಪಿಸಿದವರ ಉದ್ದೇಶ ಸಮೃದ್ಧ ಭತ್ತದ ಸೀಮೆಯೊಂದನ್ನು ಕಟ್ಟುವುದಾಗಿರಲಿಲ್ಲ; ಬರಕ್ಕೆ ಪದೇ ಪದೇ ತುತ್ತಾಗುತ್ತಿದ್ದ ಎರೆಭೂಮಿಯಲ್ಲಿ ಜೋಳ, ಹತ್ತಿ, ಶೇಂಗಾದಂಥ ಮಿತನೀರಾವರಿ ಬೆಳೆಗಳನ್ನು ಉಳಿಸಲು ಇರುವ ನೀರನ್ನು ಸುಮಾರು ಆರು ಲಕ್ಷ ಎಕರೆಗೆ ತೆಳುವಾಗಿ ಹಂಚುವುದಾಗಿತ್ತು. ಯಾವ ಜಮೀನಿನಲ್ಲಿ ಯಾವ ಬೆಳೆ ಎಂದು ಮೊದಲೇ ಗೊತ್ತುಪಡಿಸಿದ ಈ ಪದ್ಧತಿಯಲ್ಲಿ ಭತ್ತಕ್ಕೆ ಇದ್ದ ಪಾಲು ಚಿಕ್ಕದು. ಆದರೆ 1953ರಲ್ಲಿ ನೀರು ಹರಿಯತೊಡಗಿದ ಮೇಲೆ ಭತ್ತದ ಕೃಷಿಯಲ್ಲಿ ಪಳಗಿದ ಆಂಧ್ರದ ಕುಟುಂಬಗಳು ಬಂದು ಕ್ಯಾಂಪುಗಳನ್ನು ಕಟ್ಟಿಕೊಂಡವು, ಲಾಭವನ್ನು ಕಂಡ ಸ್ಥಳೀಯರೂ ಅದೇ ದಾರಿ ಹಿಡಿದರು, ಮತ್ತು ಕಾಗದದ ಮೇಲಿನ ಬೆಳೆಪದ್ಧತಿ ಕಾಗದದಲ್ಲೇ ಉಳಿಯಿತು. ಇತ್ತ ಸುಮಾರು 133 ಟಿಎಂಸಿಯಷ್ಟಿದ್ದ ತುಂಗಭದ್ರಾ ಜಲಾಶಯದ ಸಂಗ್ರಹ ಹೂಳಿನಿಂದಾಗಿ 105.79 ಟಿಎಂಸಿಗೆ ಇಳಿದಿದೆ. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 19ನೇ ಗೇಟು ಕೊಚ್ಚಿಹೋದಾಗ ಎಡದಂಡೆಯ ರೈತರನ್ನು ಕಾಡಿದ್ದು ಈ ಕುಗ್ಗಿದ ಲೆಕ್ಕದಲ್ಲೂ ಕೈತಪ್ಪುತ್ತಿದ್ದ ನೀರಿನ ಚಿಂತೆಯೇ.

ಕೊನೆ ಭಾಗದ ಕಷ್ಟ ನೀರಿನ ಪ್ರಮಾಣದ್ದಷ್ಟೇ ಅಲ್ಲ, ಮಟ್ಟದ್ದೂ ಹೌದು. ಮುಖ್ಯ ಕಾಲುವೆಯಿಂದ ಕವಲೊಡೆಯುವ ವಿತರಣಾ ಕಾಲುವೆಯ ತೂಬಿಗೆ ನೀರು ನುಗ್ಗಬೇಕಾದರೆ ಮುಖ್ಯ ಕಾಲುವೆಯಲ್ಲಿ ನಿಗದಿತ ಆಳ ಇರಲೇಬೇಕು. ಆ ಆಳ ಸ್ವಲ್ಪ ತಗ್ಗಿದರೂ ಎತ್ತರದ ತೂಬುಗಳು ಬಹುಮಟ್ಟಿಗೆ ಬತ್ತುತ್ತವೆ, ಕಾಲುವೆಯಲ್ಲಿ ನೀರು ಹರಿಯುತ್ತಿರುವುದು ಕಣ್ಣಿಗೆ ಕಂಡರೂ ಹೊಲಕ್ಕೆ ದಕ್ಕುವುದಿಲ್ಲ. ಆಳವನ್ನು ಅಳೆಯುವ ಗುರುತುಪಟ್ಟಿಯೇ ಗೇಜ್. ಮೈಲ್ 47, ಮೈಲ್ 69, ಮೈಲ್ 104 ಎಂಬ ಗೇಜ್ ಸ್ಥಳಗಳ ಹೆಸರು ಜಿಲ್ಲೆಯ ರೈತರ ಬಾಯಲ್ಲಿ ಊರುಗಳ ಹೆಸರಿನಷ್ಟೇ ಸಲೀಸಾಗಿ ಬರುವುದಕ್ಕೆ ಕಾರಣ, ಒಂದು ವಿಭಾಗ ತನ್ನ ಕೆಳಗಿನ ವಿಭಾಗಕ್ಕೆ ಎಷ್ಟು ನೀರು ಬಿಟ್ಟುಕೊಟ್ಟಿತೆಂಬುದು ಅಲ್ಲಿಯೇ ತಿಳಿಯುವುದು. ಕಾಲುವೆಯ ಏರಿಳಿತವನ್ನು ಸರಿದೂಗಿಸಲು ಮಧ್ಯೆ ನೀರು ಕೂಡಿಟ್ಟುಕೊಳ್ಳುವ ಗಣೇಕಲ್ ಸಮತೋಲನ ಜಲಾಶಯದ ಉಪಯೋಗವೂ ಮೇಲಿನಿಂದ ನೀರು ಬಂದಾಗ ಮಾತ್ರ.

ಕರ್ನಾಟಕ ನೀರಾವರಿ ಕಾಯ್ದೆಗೆ 2000ದಲ್ಲಿ ತಂದ ತಿದ್ದುಪಡಿ ಈ ಸಮಸ್ಯೆಗೆ ರೈತರ ಕೈಯಲ್ಲೇ ಪರಿಹಾರ ಹುಡುಕಿತು. ಅದರಂತೆ ತಳದಲ್ಲಿ ನೀರು ಬಳಕೆದಾರರ ಸಹಕಾರ ಸಂಘಗಳು, ಅವುಗಳ ಮೇಲೆ ವಿತರಣಾ ಕಾಲುವೆ ಮಟ್ಟದ ಒಕ್ಕೂಟ, ಯೋಜನಾ ಮಟ್ಟದ ಒಕ್ಕೂಟ, ಕೊನೆಗೆ ರಾಜ್ಯ ಮಟ್ಟದ ಸಂಸ್ಥೆ ಇರಬೇಕು. ಸಂಘವು ಇಲಾಖೆಯಿಂದ ಸಗಟಾಗಿ, ಅಳತೆ ಮಾಡಿದ ನೀರು ಪಡೆದು ಸದಸ್ಯರಿಗೆ ಹಂಚಿ, ನೀರಿನ ಕರವನ್ನು ತಾನೇ ವಸೂಲು ಮಾಡಬೇಕು. ಆದರೆ ಒಂದು ಸಂಘ ತನ್ನೊಳಗೆ ಎಷ್ಟೇ ನ್ಯಾಯವಾಗಿ ನೀರು ಹಂಚಿದರೂ ಮೇಲಿನ ಸಂಘ ತೂಬನ್ನು ಹಿಗ್ಗಿಸಿಕೊಂಡರೆ ಆ ನ್ಯಾಯ ನಿರರ್ಥಕವಾಗುವುದರಿಂದ, ವ್ಯವಸ್ಥೆಯ ಜೀವಾಳ ಇರುವುದು ಒಕ್ಕೂಟದಲ್ಲಿ. ನೀರು ಬಿಡುವ ದಿನಾಂಕಗಳನ್ನು ತೀರ್ಮಾನಿಸುವುದು ಸಚಿವರ ಅಧ್ಯಕ್ಷತೆಯ ನೀರಾವರಿ ಸಲಹಾ ಸಮಿತಿ. ಬಿಟ್ಟ ನೀರು ಕೊನೆ ತಲುಪುವಂತೆ ಕಾಯುವ ಕೆಲಸ ಮಾತ್ರ ಬಹಳ ಸಲ ಪೊಲೀಸರ ಪಾಲಿಗೆ ಬರುತ್ತದೆ, ಇದು ಸಹಕಾರದ ಸೋಲೆಂದೇ ಹೇಳಬೇಕು.

ಸಹಕಾರ ಗೆದ್ದ ನಿದರ್ಶನವೂ ಇದೆ. ಸ್ಪೇನಿನ ವೆಲೆನ್ಸಿಯಾದಲ್ಲಿ ತೂರಿಯಾ ನದಿಯ ಕಾಲುವೆಗಳ ರೈತಸಮುದಾಯಗಳು ಚುನಾಯಿಸಿದ ಪ್ರತಿನಿಧಿಗಳು ಪ್ರತಿ ಗುರುವಾರ ಮಧ್ಯಾಹ್ನ ಚರ್ಚಿನ ಬಾಗಿಲಲ್ಲಿ ಕುಳಿತು ನೀರಿನ ವ್ಯಾಜ್ಯಗಳನ್ನು ಬಾಯಿಮಾತಿನಲ್ಲೇ ತೀರಿಸುತ್ತಾರೆ. 2009ರಲ್ಲಿ ಯುನೆಸ್ಕೊ ಇದನ್ನು ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಅಲ್ಲಿನ ಚಿಕ್ಕ ಬಯಲಿನ ವ್ಯವಸ್ಥೆ ಆರು ಲಕ್ಷ ಎಕರೆಗೆ ಹಾಗೆಯೇ ಒಗ್ಗದು, ಆದರೆ ತೀರ್ಪು ಕೊಡುವವರೂ ಅದೇ ನೀರಿನ ಬಳಕೆದಾರರೆಂಬ ಅಂಶ ಇಲ್ಲಿಗೂ ಸಲ್ಲುತ್ತದೆ.

ಎಡದಂಡೆಯಲ್ಲಿ ಬಳಕೆದಾರರೇ ನೀರಿನ ಲೆಕ್ಕ ಕಾಯುವುದಕ್ಕೆ ದೊಡ್ಡ ವೆಚ್ಚವೇನೂ ಬೇಕಿಲ್ಲ. ಮೈಲ್ 69 ಮತ್ತು 104ರಲ್ಲಿ ಮೇಲಿನ ಹಾಗೂ ಕೆಳಗಿನ ಸಂಘಗಳ ಪ್ರತಿನಿಧಿಗಳು ಜೊತೆಯಾಗಿ ನಿಂತು ದಿನವೂ ಗೇಜ್ ಓದಿ, ಆ ಅಂಕಿಯನ್ನು ಪ್ರತಿಯೊಂದು ಸಂಘದ ಕಚೇರಿಯ ಹಲಗೆಯ ಮೇಲೆ ಬರೆಯುವ ಕ್ರಮವನ್ನು ಮುಂದಿನ ಹಂಗಾಮಿನ ನೀರು ಬಿಡುವ ಮೊದಲೇ ಒಕ್ಕೂಟಗಳು ಜಾರಿಗೆ ತರಬೇಕು, ಸಲಹಾ ಸಮಿತಿಯೂ ಆ ಹಲಗೆಯ ಅಂಕಿಯನ್ನೇ ಅಧಿಕೃತ ಲೆಕ್ಕವೆಂದು ಒಪ್ಪಬೇಕು.